ನೂರು ಮೀಟರಿನಾಚೆಯ ಕ್ಯಾಮೆರಾ: ಕೇಬಲ್ ಎಳೆಸುವ ಮುನ್ನ ತಿಳಿಯಬೇಕಾದುದು

ಗಿರಣಿ, ಗೋದಾಮು, ಕಾರ್ಖಾನೆಗಳ ಆವರಣದಲ್ಲಿ ಭದ್ರತಾ ಕ್ಯಾಮೆರಾಗಳನ್ನು ಅಳವಡಿಸುವಾಗ ನಮ್ಮ ವರ್ತಕ ಬಾಂಧವರು ಕ್ಯಾಮೆರಾದ ಬೆಲೆಯ ಬಗ್ಗೆ ಚೌಕಾಸಿ ಮಾಡುತ್ತಾರೆಯೇ ಹೊರತು, ಅದಕ್ಕೂ ಕಚೇರಿಯಲ್ಲಿರುವ ರೆಕಾರ್ಡರಿಗೂ ನಡುವಿನ ದೂರವನ್ನು ಅಳೆಯಿಸುವುದು ವಿರಳ. ತೊಂದರೆಗಳು ಬಹುಪಾಲು ಉದ್ಭವಿಸುವುದು ಈ ದೂರದಿಂದಲೇ.

ನೆಟ್‌ವರ್ಕ್ ಕ್ಯಾಮೆರಾಕ್ಕೆ ಬಳಸುವ ಈಥರ್ನೆಟ್ ಕೇಬಲ್ಲಿನಲ್ಲಿ ಜೋಡಿ ಜೋಡಿಯಾಗಿ ಹೊಸೆದ ಎಂಟು ತಂತಿಗಳಿರುತ್ತವೆ. ಮಾನಕದ ಪ್ರಕಾರ ಒಂದು ಸ್ವಿಚ್ಚಿನಿಂದ ಒಂದು ಉಪಕರಣಕ್ಕೆ ಗರಿಷ್ಠ ಉದ್ದ 100 ಮೀಟರ್. ಇದರಲ್ಲಿ 90 ಮೀಟರ್ ಸ್ಥಿರವಾಗಿ ಎಳೆದ ಕೇಬಲ್ಲಿಗೆ, ಉಳಿದ 10 ಮೀಟರ್ ಎರಡೂ ತುದಿಗಳ ಬಿಡಿ ತಂತಿಗಳಿಗೆ. ಇದಕ್ಕಿಂತ ಹೆಚ್ಚಾದರೆ ಸಂಕೇತವು ಕ್ಷೀಣಿಸುತ್ತಾ ಹೋಗಿ, ಪಕ್ಕದ ಜೋಡಿಗಳ ಹಾಗೂ ಮೋಟಾರುಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ಇಲ್ಲಿ ಉದ್ದವೆಂದರೆ ಕಣ್ಣಳತೆಯ ನೇರ ದೂರವಲ್ಲ. ಗೋಡೆ ಹತ್ತಿ, ಮೂಲೆ ಸುತ್ತಿ, ಕಂಬವೇರುವಷ್ಟರಲ್ಲಿ 80 ಮೀಟರ್ ದೂರಕ್ಕೆ 110 ಮೀಟರ್ ಕೇಬಲ್ ಬೇಕಾಗುವುದುಂಟು.

ಸಂಕೇತಕ್ಕಿಂತ ಮೊದಲು ಸೋಲುವುದು ಅನೇಕ ವೇಳೆ ವಿದ್ಯುತ್ತು. ಅಕ್ಕಿ ಗಿರಣಿಯೊಂದರ ಲೆಕ್ಕ ಪರಿಶೋಧನೆಯಲ್ಲಿ ವೇಬ್ರಿಡ್ಜಿನ ಚೀಟಿಗಳಿಗೂ ದಾಸ್ತಾನು ಪುಸ್ತಕಕ್ಕೂ ತಾಳೆಯಾಗದೆ, ಗೇಟಿನ ಕ್ಯಾಮೆರಾದ ದಾಖಲೆಯನ್ನು ನೋಡಬೇಕಾಯಿತು. ಹಗಲಿನ ದೃಶ್ಯಗಳು ಸ್ಪಷ್ಟವಾಗಿದ್ದವು. ಕತ್ತಲಾದ ನಂತರದವು ಮಾತ್ರ ತುಂಡು ತುಂಡಾಗಿದ್ದವು. ರಾತ್ರಿಯ ಕಾವಲುಗಾರನೇ ಸ್ವಿಚ್ಚು ಆರಿಸುತ್ತಾನೆಂದು ಮಾಲೀಕರು ನಂಬಿ, ಅವನನ್ನು ಬಿಡಿಸುವ ಹಂತಕ್ಕೆ ಬಂದಿದ್ದರು. ಕೇಬಲ್ ಅಳೆಯಿಸಿದಾಗ ಅದು ಸುಮಾರು 140 ಮೀಟರ್ ಇತ್ತು, ತಂತಿಯೂ ಶುದ್ಧ ತಾಮ್ರದ್ದಲ್ಲ. ಕತ್ತಲಾದೊಡನೆ ಕ್ಯಾಮೆರಾದ ಅವಕೆಂಪು ದೀಪಗಳು ಹೊತ್ತಿಕೊಳ್ಳುತ್ತವೆ. ವಿದ್ಯುತ್ತಿನ ಅಗತ್ಯ ಹೆಚ್ಚುತ್ತದೆ. ತಂತಿಯಲ್ಲಿ ವೋಲ್ಟೇಜ್ ಕುಸಿದು ಕ್ಯಾಮೆರಾ ಆರುತ್ತದೆ. ಮತ್ತೆ ತಾನೇ ಚಾಲನೆಗೊಂಡು, ದೀಪ ಹೊತ್ತಿಸಿ, ಮತ್ತೆ ಆರುತ್ತದೆ. ಕಾವಲುಗಾರನ ದೋಷ ಎಳ್ಳಷ್ಟೂ ಇರಲಿಲ್ಲ. ವ್ಯತ್ಯಾಸವಾದ ರಾತ್ರಿಗಳ ಸಾಕ್ಷ್ಯ ಮಾತ್ರ ಸಿಗಲೇ ಇಲ್ಲ.

ಇದರ ಗಣಿತ ಸರಳವಾದುದು. 6 ವ್ಯಾಟ್ ಬೇಡುವ ಕ್ಯಾಮೆರಾಕ್ಕೆ 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಬೇಕು. ಸಾಮಾನ್ಯ ಕೇಬಲ್ಲಿನ ಒಂದು ಜೋಡಿಗೆ 100 ಮೀಟರಿನಲ್ಲಿ ಹೋಗಿಬರುವ ರೋಧ ಸುಮಾರು 17 ಓಮ್; ಎಂದರೆ 8 ವೋಲ್ಟಿಗೂ ಮಿಕ್ಕಿ ದಾರಿಯಲ್ಲಿಯೇ ನಷ್ಟ. ಆದುದರಿಂದ ಕಚೇರಿಯಲ್ಲಿ 12 ವೋಲ್ಟಿನ ಅಡಾಪ್ಟರ್ ಇಟ್ಟು ದೂರದ ಕ್ಯಾಮೆರಾಕ್ಕೆ ವಿದ್ಯುತ್ ಕಳುಹಿಸುವ ಉಪಾಯ ನಡೆಯದು. ಪವರ್ ಓವರ್ ಈಥರ್ನೆಟ್, ಅಂದರೆ ಪಿ.ಓ.ಇ. ಪದ್ಧತಿಯಲ್ಲಿ ಸುಮಾರು 48 ವೋಲ್ಟನ್ನು ಎರಡು ಜೋಡಿಗಳ ಮೂಲಕ ಕಳುಹಿಸುವುದರಿಂದ, ಅದೇ ಕ್ಯಾಮೆರಾಕ್ಕೆ ನಷ್ಟವು ಒಂದು ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. 2003ರ ಮಾನಕದಂತೆ ಸ್ವಿಚ್ಚು 15.4 ವ್ಯಾಟ್ ಕೊಟ್ಟರೆ ಕ್ಯಾಮೆರಾಕ್ಕೆ 12.95 ವ್ಯಾಟ್ ಖಾತರಿ. 2009ರ ಮಾನಕದಲ್ಲಿ ಇವು 30 ಮತ್ತು 25.5 ವ್ಯಾಟ್. ತಿರುಗುವ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಎರಡನೆಯದೇ ಬೇಕಾಗುತ್ತದೆ.

ಈ ಲೆಕ್ಕವೆಲ್ಲ ಶುದ್ಧ ತಾಮ್ರಕ್ಕೆ ಅನ್ವಯಿಸತಕ್ಕದ್ದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ಲಿನ ರೋಧವು ಸುಮಾರು ಒಂದೂವರೆ ಪಟ್ಟು. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಲೋಹ ಕಾಣುತ್ತದೆ. ಸರಕು ಇಳಿಸಿಕೊಳ್ಳುವಾಗಲೇ ಈ ಪರೀಕ್ಷೆ ಮಾಡಬಹುದು, ಖರ್ಚೇನೂ ಇಲ್ಲ.

ದೂರ ದಾಟುವ ಮಾರ್ಗಗಳು

100 ಮೀಟರಿಗಿಂತ ಸ್ವಲ್ಪ ಹೆಚ್ಚಿದ್ದರೆ, ನಡುವೆ ಪಿ.ಓ.ಇ. ಎಕ್ಸ್‌ಟೆಂಡರ್ ಎಂಬ ಸಣ್ಣ ಪೆಟ್ಟಿಗೆಯನ್ನಿಟ್ಟು ಇನ್ನೂ 100 ಮೀಟರ್ ಸಾಗಬಹುದು. ಅದು ತನ್ನ ಪಾಲಿನ ವಿದ್ಯುತ್ತನ್ನೂ ಅದೇ ಕೇಬಲ್ಲಿನಿಂದ ಪಡೆಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು; ಬಿಸಿಲು ಮಳೆಗೆ ಒಡ್ಡದಂತೆ ಡಬ್ಬಿಯೂ ಬೇಕು. ಕೆಲವು ಸ್ವಿಚ್ಚುಗಳಲ್ಲಿ ವೇಗವನ್ನು 10 ಮೆಗಾಬಿಟ್ಟಿಗೆ ಇಳಿಸಿ 250 ಮೀಟರಿನವರೆಗೆ ಕಳುಹಿಸುವ ಸೌಲಭ್ಯವಿದೆ. ಒಂದು ಕ್ಯಾಮೆರಾದ ಚಿತ್ರಕ್ಕೆ 4 ಮೆಗಾಬಿಟ್ ಸಾಕಾಗುವುದರಿಂದ ಇದು ನಡೆಯುತ್ತದೆ. ಆದರೆ ಇದು ತಯಾರಕರ ಭರವಸೆಯೇ ಹೊರತು ಮಾನಕವಲ್ಲ.

200 ಮೀಟರ್ ಮೀರಿದಲ್ಲಿ, ಅಥವಾ ಕೇಬಲ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಲ್ಲಿ, ಆಪ್ಟಿಕಲ್ ಫೈಬರ್ ಒಂದೇ ಸರಿಯಾದ ಮಾರ್ಗವೆಂಬುದು ನನ್ನ ಅಭಿಪ್ರಾಯ. ಸಿಂಗಲ್ ಮೋಡ್ ಫೈಬರಿಗೆ ಹತ್ತು ಕಿಲೋಮೀಟರ್ ಕೂಡ ದೂರವಲ್ಲ. ಅದಕ್ಕಿಂತ ಮುಖ್ಯವಾದುದು, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಎರಡು ಕಟ್ಟಡಗಳ ಅರ್ಥಿಂಗ್ ಸಮವಾಗಿರದಿದ್ದರೆ, ಅಥವಾ ಮುಂಗಾರಿಗೆ ಮುನ್ನ ಹತ್ತಿರದಲ್ಲಿ ಸಿಡಿಲು ಬಡಿದರೆ, ತಾಮ್ರದ ಕೇಬಲ್ ಆ ಆಘಾತವನ್ನು ನೇರವಾಗಿ ರೆಕಾರ್ಡರಿಗೇ ತಂದು ಮುಟ್ಟಿಸುತ್ತದೆ. ಹಾಗೆಯೇ ಫೈಬರಿನಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ತೂ ಹೋಗುವುದಿಲ್ಲ. ಗೇಟಿನ ಬಳಿ ಮೀಡಿಯಾ ಕನ್ವರ್ಟರ್, ಪಿ.ಓ.ಇ. ಸ್ವಿಚ್ಚು ಮತ್ತು ಯು.ಪಿ.ಎಸ್. ಇಡಲೇಬೇಕು. ವೇಬ್ರಿಡ್ಜಿನ ಕೊಠಡಿಯಲ್ಲಿ ವಿದ್ಯುತ್ ಸಂಪರ್ಕ ಹೇಗೂ ಇರುತ್ತದೆ. ಉಕ್ಕಿನ ಕವಚವುಳ್ಳ ಫೈಬರಾದರೆ ಆ ಕವಚಕ್ಕೆ ಅರ್ಥಿಂಗ್ ಮರೆಯಬಾರದು.

ದಾಖಲೆಯ ಸಂಗ್ರಹಕ್ಕೂ ಒಂದು ಲೆಕ್ಕವಿದೆ. 4 ಮೆಗಾಬಿಟ್ ವೇಗದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್, 30 ದಿನಕ್ಕೆ 1.3 ಟೆರಾಬೈಟ್ ತುಂಬುತ್ತದೆ. ಜನಸಂದಣಿಯಿರುವ ಸಂಸ್ಥೆಗಳಿಗೆ ಅನ್ವಯವಾಗುವ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಅಧಿನಿಯಮವು ಅಪೇಕ್ಷಿಸುವುದೂ 30 ದಿನಗಳ ದಾಖಲೆಯನ್ನೇ.

ಬಿಲ್ಲಿನ ವಿಚಾರ

ಕ್ಯಾಮೆರಾ, ಕೇಬಲ್, ಸ್ವಿಚ್ಚುಗಳನ್ನು ಒಂದು ಬಿಲ್ಲಿನಲ್ಲಿಯೂ, ಕಾವಲು ಕೊಠಡಿಯಂತಹ ಕಟ್ಟಡದ ಕೆಲಸವನ್ನು ಬೇರೆ ಬಿಲ್ಲಿನಲ್ಲಿಯೂ ಪಡೆಯುವುದು ಉಚಿತ. ಮೊದಲನೆಯದರ ಜಿ.ಎಸ್.ಟಿ.ಗೆ ಸಾಮಾನ್ಯ ನೋಂದಾಯಿತ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಎರಡನೆಯದಕ್ಕೆ 17(5)ನೇ ಪ್ರಕರಣದ ತಡೆಯಿದೆ. ಎರಡನ್ನೂ ಒಂದೇ ಮೊತ್ತದಲ್ಲಿ ಬರೆದ ಬಿಲ್ಲು ಪರಿಶೀಲನೆಯ ವೇಳೆ ವಿವಾದಕ್ಕೆ ಎಡೆಮಾಡುತ್ತದೆ. ಕಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಯಾವುದಕ್ಕೂ ಇಲ್ಲ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದವರು ಅದೇ ಮೊತ್ತಕ್ಕೆ ಜಮೆಯನ್ನೂ ಕೇಳುವಂತಿಲ್ಲ. 16(3)ನೇ ಪ್ರಕರಣ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ.