ಮರಳಿ ಬಂದ ಸಿಂಹಾಸನ, ಮರಳದ ದಂಡು

ಬೆನ್ಸನ್ ಟೌನಿನಿಂದ ಬೆಂಗಳೂರು ಅರಮನೆ ದೂರವೇನಿಲ್ಲ. ಮಿಲ್ಲರ್ಸ್ ರಸ್ತೆಯ ಈದ್ಗಾ ಮೈದಾನ, ಆರ್ಚ್‌ಬಿಷಪ್ಪರ ನಿವಾಸ, ದಂಡು ರೈಲು ನಿಲ್ದಾಣ ಇವನ್ನೆಲ್ಲ ನೋಡುತ್ತ ಬೆಳಗಿನ ನಡಿಗೆಯಲ್ಲೇ ಹೋಗಿ ಬರಬಹುದು. ಆದರೆ 1881ರಿಂದ 1947ರವರೆಗೆ, ಸರಿಯಾಗಿ 66 ವರ್ಷ, ಆ ಅರಮನೆಯ ಒಡೆಯರ ಆಳ್ವಿಕೆ ಈ ಬೀದಿಗಳಿಗೆ ತಾಗುತ್ತಿರಲಿಲ್ಲ. ಮೈಸೂರಿನ ರಾಜವಂಶಕ್ಕೆ ಸಿಂಹಾಸನ ಮರಳಿ ಸಿಕ್ಕಿತ್ತು. ದಂಡು, ಅಂದರೆ ಕಂಟೋನ್ಮೆಂಟು, ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿದಿತ್ತು.

ರಷ್ಯಾದಲ್ಲಿ ರೊಮಾನೊವ್ ವಂಶವನ್ನು ಮತ್ತೆ ಪಟ್ಟಕ್ಕೆ ತರಬೇಕೇ ಎಂಬ ಚರ್ಚೆ ಕೇಳಿದಾಗಲೆಲ್ಲ ನನಗೆ ಈ ಬೀದಿಗಳ ಕಥೆ ನೆನಪಾಗುತ್ತದೆ. ಆ ಚರ್ಚೆಗೆ ಆಗಾಗ ಜೀವ ಬರುತ್ತಿರುತ್ತದೆ. ಆ ವಂಶದ ಕೊನೆಯ ಅರಸ ಎರಡನೆಯ ನಿಕೊಲಾಯ್ ಮತ್ತು ಕುಟುಂಬದವರ ಅಸ್ಥಿಗಳನ್ನು 1998ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಮಾಧಿ ಮಾಡಿದರು. 2000ದಲ್ಲಿ ಅಲ್ಲಿನ ಚರ್ಚು ಅವರನ್ನು ಸಂತರ ಸಾಲಿಗೆ ಸೇರಿಸಿತು. ವಂಶದ ಹಕ್ಕುದಾರಿಣಿ ಎಂದು ಹೇಳಿಕೊಳ್ಳುವ ಮರಿಯಾ ವ್ಲಾದಿಮಿರೊವ್ನಾ ಅವರ ಮಗ 2021ರಲ್ಲಿ ಅದೇ ನಗರದಲ್ಲಿ ಮದುವೆಯಾದರು. ಆ ಮನೆತನಕ್ಕೆ ಆದ ಅನ್ಯಾಯ ಸಣ್ಣದಲ್ಲ. 1918ರ ಜುಲೈ 17ರ ರಾತ್ರಿ ಯೆಕತೆರಿನ್‌ಬರ್ಗಿನ ನೆಲಮಾಳಿಗೆಯಲ್ಲಿ ಗುಂಡಿಗೆ ಬಲಿಯಾದ 11 ಜನರಲ್ಲಿ ಅರಸ ದಂಪತಿಯ ಐವರು ಮಕ್ಕಳಿದ್ದರು, ವೈದ್ಯರಿದ್ದರು, ಮನೆಯ ಆಳುಗಳಿದ್ದರು. ಆ ಮಕ್ಕಳಿಗಾಗಿ ಯಾರ ಕರುಳಾದರೂ ಚುರ್ರೆನ್ನಬೇಕು. ಆದರೆ ಮರುಕ ಬೇರೆ, ಪಟ್ಟ ಬೇರೆ. ಸತ್ತವರಿಗಾಗಿ ಅತ್ತವರೆಲ್ಲ ಅವರ ವಂಶಸ್ಥರ ಪ್ರಜೆಗಳಾಗಬೇಕಿಲ್ಲ.

ಮೈಸೂರಿನ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಳೆದುಹೋದ ಸಿಂಹಾಸನ ಒಂದೇ ವಂಶಕ್ಕೆ ಎರಡು ಸಲ ಮರಳಿದ ನಾಡು ನಮ್ಮದು. ಮೊದಲ ಸಲ 1799ರಲ್ಲಿ. ಆ ದಿನಕ್ಕಾಗಿ ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿ ದಶಕಗಟ್ಟಲೆ ಕಾದಿದ್ದರು. ಹೈದರನ ಕಾಲದಲ್ಲೇ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದ್ದರು. ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಕೊಟ್ಟವರು ಇಂಗ್ಲಿಷರು. ಕೊಟ್ಟವರಿಗೆ ಕಿತ್ತುಕೊಳ್ಳುವುದೂ ಗೊತ್ತಿತ್ತು. ನಗರ ಸೀಮೆಯ ರೈತ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡ.

ಅಲ್ಲಿಂದ ಮುಂದಿನದು ಅರ್ಜಿಗಳ ಕಾಲ. 37 ವರ್ಷ ಮುಮ್ಮಡಿಯವರು ರಾಜ್ಯ ಹಿಂದಿರುಗಿಸಿ ಎಂದು ಕೇಳುತ್ತಲೇ ಇದ್ದರು. ಗಂಡು ಸಂತಾನವಿಲ್ಲದ ಅರಸ ತೀರಿಕೊಂಡರೆ ಮೈಸೂರು ತಮ್ಮದೇ ಆಗುತ್ತದೆಂದು ಗವರ್ನರ್ ಜನರಲ್ ಡಾಲ್‌ಹೌಸಿಯಂಥವರು ಲೆಕ್ಕ ಹಾಕಿದ್ದರು. 1865ರಲ್ಲಿ ಮುಮ್ಮಡಿಯವರು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತ ಮೊದಲು ಒಪ್ಪಲಿಲ್ಲ. ಅದೇ ವರ್ಷ ಮೇಜರ್ ಇವಾನ್ಸ್ ಬೆಲ್ ಲಂಡನ್ನಿನಲ್ಲಿ ಮೈಸೂರಿನ ಪರವಾಗಿ ಪುಸ್ತಕವನ್ನೇ ಬರೆದ. ವಾದ ಪ್ರತಿವಾದ ನಡೆದು 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತಕವನ್ನು ಮಾನ್ಯ ಮಾಡಿತು. ಮರುವರ್ಷ ಮಾರ್ಚಿನಲ್ಲಿ ಮುಮ್ಮಡಿಯವರು ಕಣ್ಮುಚ್ಚಿದರು. ಹುಡುಗನಿಗೆ ಇಂಗ್ಲಿಷ್ ಪಾಲಕರು ಬಂದರು. ಅವನ ಹೆಸರಿನಲ್ಲೇ 1873ರಲ್ಲಿ ಪಾದ್ರಿ ಗ್ಯಾರೆಟ್ಟರ ಕಟ್ಟಡವನ್ನು ಕೊಂಡದ್ದು. ಅದೇ ಈಗಿನ ಬೆಂಗಳೂರು ಅರಮನೆ.

ಇಡೀ ಚರ್ಚೆ ನಡೆದದ್ದು ಲಂಡನ್ನು, ಕಲ್ಕತ್ತ ಮತ್ತು ಅರಮನೆಯ ನಡುವೆ. ಹೊಲ ಉಳುತ್ತಿದ್ದವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಡುವೆ 1876ರಿಂದ 78ರವರೆಗೆ ಧಾತು ಈಶ್ವರ ಬರ ಬಂದು ಹೋಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷವನ್ನೂ ಮುಟ್ಟಲಿಲ್ಲ. ಸಿಂಹಾಸನ ಮರಳಿದ್ದು ಆ ಸಾವಿನ ಬೆನ್ನಿಗೇ, 1881ರ ಮಾರ್ಚ್ 25ರಂದು. 18 ವರ್ಷದ ಚಾಮರಾಜೇಂದ್ರರಿಗೆ ರಾಜ್ಯದ ಜೊತೆಗೆ ಉದ್ದನೆಯ ಷರತ್ತಿನ ಪತ್ರವೂ ಕೈಗೆ ಬಂತು. ಗವರ್ನರ್ ಜನರಲ್ ಹೇಳಿದಂತೆ ನಡೆಯಬೇಕು, ಇದ್ದ ಕಾನೂನನ್ನು ಅನುಮತಿಯಿಲ್ಲದೆ ಬದಲಿಸಬಾರದು, ವರ್ಷದ ಪೊಗದಿ 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರುತ್ತದೆ. ಮತ್ತು ಬೆಂಗಳೂರಿನ ದಂಡು, ಇಂದಿನ ಬೆನ್ಸನ್ ಟೌನಿನ ನೆಲವೂ ಸೇರಿ, ಬ್ರಿಟಿಷರ ಬಳಿಯೇ ಇರುತ್ತದೆ. ಆ ವರ್ಷದ ಗಣತಿಯಲ್ಲಿ ಪೇಟೆಯ ಜನ 62 ಸಾವಿರ, ದಂಡಿನವರು 93 ಸಾವಿರ. ಊರಿನ ಹೆಚ್ಚು ಪಾಲು ಜನ ಯಾರ ಪ್ರಜೆಗಳು ಎಂಬುದು ಒಂದು ಕಾಗದದಲ್ಲಿ ತೀರ್ಮಾನವಾಯಿತು. ದಂಡಿನವರು ಸಿಟಿಗೆ ಹೋಗಿಬರುತ್ತೇನೆ ಎನ್ನುತ್ತಿದ್ದುದು ಬರೀ ರೂಢಿಯ ಮಾತಲ್ಲ. ಅವರು ನಿಜಕ್ಕೂ ಬೇರೆ ಸರ್ಕಾರದ ಊರಿಗೆ ಹೋಗುತ್ತಿದ್ದರು.

ಇಷ್ಟಾದರೂ 1881ನ್ನು ನಾನು ಗೌರವದಿಂದಲೇ ನೆನೆಯುತ್ತೇನೆ, ಅದಕ್ಕೆ ಕಾರಣ ದಿವಾನ್ ರಂಗಾಚಾರ್ಲು. ರಾಜ್ಯ ಕೈಗೆ ಬಂದ ಏಳು ತಿಂಗಳೊಳಗೆ, ಅಕ್ಟೋಬರ್ 7ರಂದು, 144 ಜನರ ಪ್ರಜಾಪ್ರತಿನಿಧಿ ಸಭೆ ಕೂಡಿತು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸದಸ್ಯರ ಚುನಾವಣೆ ಬಂದದ್ದೂ ಹತ್ತು ವರ್ಷದ ಮೇಲೆ. ಆದರೂ ಊರಿನ ಕಷ್ಟವನ್ನು ಹೇಳಲು ಒಂದು ಜಾಗ ಆಯಿತು. ಒಡೆಯರ ಹೆಸರು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಪ್ರೀತಿಯಿಂದ ಉಳಿದಿದ್ದರೆ, ಕಿರೀಟ ಮರಳಿದ್ದಕ್ಕಿಂತ ಹೆಚ್ಚಾಗಿ ಕಿರೀಟದ ಮುಂದೆ ಮಾತಾಡಲು ಅವಕಾಶ ಸಿಕ್ಕಿದ್ದು ಅದಕ್ಕೆ ಕಾರಣವೆಂದು ನನ್ನ ನಂಬಿಕೆ.

ರೊಮಾನೊವ್ ವಂಶ ಶುರುವಾದದ್ದೂ ಒಂದು ಸಭೆಯಿಂದಲೇ. 1613ರಲ್ಲಿ ನಾಡಿನ ಸಭೆ ಸೇರಿ 16 ವರ್ಷದ ಮಿಖಾಯಿಲನನ್ನು ಆರಿಸಿತ್ತು. 304 ವರ್ಷದ ಮೇಲೆ, ನಿಕೊಲಾಯ್ ಪಟ್ಟ ಬಿಟ್ಟಾಗ, ಅವನ ತಮ್ಮ, ಇನ್ನೊಬ್ಬ ಮಿಖಾಯಿಲ್, ಜನ ಆರಿಸಿದ ಸಂವಿಧಾನ ಸಭೆ ಕರೆದರೆ ಮಾತ್ರ ಕಿರೀಟ ಮುಟ್ಟುತ್ತೇನೆ ಎಂದ. ಆ ಸಭೆ 1918ರ ಜನವರಿಯಲ್ಲಿ ಒಮ್ಮೆ ಕೂಡಿತು. ಮರುದಿನ ಬಾಗಿಲು ತೆರೆಯಲು ಬೋಲ್ಶೆವಿಕರು ಬಿಡಲಿಲ್ಲ. ರಷ್ಯಾದವರು ಮತ್ತೆ ಚರ್ಚೆ ಮಾಡುವುದಾದರೆ ಮಿಖಾಯಿಲನ ಆ ಷರತ್ತಿನಿಂದ ಶುರುಮಾಡಲಿ. ರಕ್ತದ ಹಕ್ಕಿನ ಪಟ್ಟಿಗಳು ಎಷ್ಟು ಬೇಕಾದರೂ ಸಿಗುತ್ತವೆ. ಕೇಳಬೇಕಾದವರನ್ನು ಕೇಳಿದ ದಾಖಲೆ ಮಾತ್ರ ಸಿಗುವುದಿಲ್ಲ.

ನಮ್ಮಲ್ಲಿ ಕೇಳಿಸಿದ್ದು ಮೈಸೂರು ಚಲೋ ಚಳವಳಿ. 1947ರ ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದದ್ದು ಮಹಾರಾಜರನ್ನು ಓಡಿಸಲು ಅಲ್ಲ, ಅವರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ ಬೇಕೆಂದು. ಆ ಹೋರಾಟದಲ್ಲಿ ಗುಂಡಿಗೆ ಬಿದ್ದ ವಿದ್ಯಾರ್ಥಿಯ ಹೆಸರು ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಉಳಿದಿದೆ. ಜಯಚಾಮರಾಜೇಂದ್ರ ಒಡೆಯರು ಒಪ್ಪಿದರು. ಮುಂದೆ ರಾಜಪ್ರಮುಖರಾದರು, ರಾಜ್ಯಪಾಲರಾದರು. 1971ರಲ್ಲಿ 26ನೇ ತಿದ್ದುಪಡಿ ರಾಜಧನ, ಬಿರುದುಗಳನ್ನೆಲ್ಲ ತೆಗೆದುಹಾಕಿತು. ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ನಾಲ್ಕು ಸಲ ಲೋಕಸಭೆಗೆ ಗೆದ್ದರು; 1991ರಲ್ಲೂ 2004ರಲ್ಲೂ ಸೋತರು. ಈ ಸೋಲನ್ನು ನಾನು ದೊಡ್ಡ ಸಂಗತಿಯೆಂದು ತಿಳಿಯುತ್ತೇನೆ. ಐನೂರು ವರ್ಷದ ವಂಶದವರೊಬ್ಬರಿಗೆ ಜನ ಬೇಡ ಎಂದರು, ಯಾರ ಕೂದಲೂ ಕೊಂಕಲಿಲ್ಲ. 2024ರಲ್ಲಿ ಯದುವೀರ ಒಡೆಯರಿಗೆ ಅದೇ ಜನ ಬೇಕು ಎಂದರು. ಬಾಲ್ಯದಲ್ಲಿ ಕಿರೀಟ ಕಳೆದುಕೊಂಡ ಬಲ್ಗೇರಿಯದ ಸಿಮಿಯೋನ್ 2001ರಲ್ಲಿ ಪ್ರಧಾನಿಯಾಗಿ ಮರಳಿದ್ದೂ ಮತಪೆಟ್ಟಿಗೆಯ ದಾರಿಯಲ್ಲೇ.

ದಂಡಿನ ಕಥೆ ಉಳಿಯಿತು. ಬ್ರಿಟಿಷರು ಅದನ್ನು ಮೈಸೂರಿಗೆ ಬಿಟ್ಟುಕೊಟ್ಟದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ 20 ದಿನ ಮೊದಲು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಸರ್ಕಾರ ಅಧಿಕಾರ ಹಿಡಿಯಿತು. ಬೆನ್ಸನ್ ಟೌನು ಮಹಾರಾಜರ ನೇರ ಆಳ್ವಿಕೆಯಲ್ಲಿದ್ದದ್ದು ಮೂರೇ ತಿಂಗಳು.