ತಗೊಳ್ಳಿ, ನಿಮ್ಮ ತೆರಿಗೆ ವಾಪಸು

ಬೀದಿ ಪ್ರದರ್ಶನ ಎಂದರೆ ತಮಟೆ ಸದ್ದು, ಸುತ್ತ ಜನ, ನಡುವೆ ವೇಷ. 1993ರ ಬೇಸಿಗೆಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸುತ್ತಮುತ್ತ ನಡೆದದ್ದರಲ್ಲಿ ಇದ್ಯಾವುದೂ ಇರಲಿಲ್ಲ. ಡೇವಿಡ್ ಅವಾಲೋಸ್, ಲೂಯಿಸ್ ಹಾಕ್, ಎಲಿಜಬೆತ್ ಸಿಸ್ಕೊ ಎಂಬ ಮೂವರು ಕಲಾವಿದರು ದಿನಗೂಲಿಗೆ ಕಾದು ನಿಂತವರ ಬಳಿ ಹೋದರು. ಗಡಿಯಾಚೆಯಿಂದ ಕಾಗದಪತ್ರವಿಲ್ಲದೆ ಬಂದ ಕೂಲಿಗಳು ಅವರು. ಒಬ್ಬೊಬ್ಬರ ಕೈಗೂ ಒಂದು ಕರಪತ್ರ, ಜೊತೆಗೆ ಹತ್ತು ಡಾಲರಿನ ಒಂದು ನೋಟು. ಅಷ್ಟೇ ಕಲಾಕೃತಿ. ಹೆಸರು ‘ಆರ್ಟ್ ರಿಬೇಟ್’. ಸ್ಪ್ಯಾನಿಷ್‌ನಲ್ಲಿ ‘ಆರ್ತೆ ರೆಎಂಬೋಲ್ಸೊ’.

ಕುಸುರಿ ಇರುವುದು ಆ ಹೆಸರಿನಲ್ಲೇ. ದಾನ ಎಂದಿದ್ದರೆ ಒಂದಿಷ್ಟು ಪುಣ್ಯ ಬರುತ್ತಿತ್ತು, ಜಗಳ ಏಳುತ್ತಿರಲಿಲ್ಲ. ರಿಬೇಟ್ ಎಂದರೆ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ವಾಪಸು. ಅಂದರೆ ಈ ಕೂಲಿಯೂ ತೆರಿಗೆದಾರ! ಕ್ಯಾಲಿಫೋರ್ನಿಯ ಆಗ ಹಣದ ಮುಗ್ಗಟ್ಟಿನಲ್ಲಿತ್ತು. ಖಜಾನೆ ಬರಿದಾಗುತ್ತಿರುವುದು ಇಂಥವರಿಂದಲೇ ಎಂದು ರಾಜಕಾರಣಿಗಳು ಬೊಟ್ಟು ಮಾಡುತ್ತಿದ್ದರು. ಇನ್ನೊಂದು ಕಡೆ ಅಮೆರಿಕ, ಮೆಕ್ಸಿಕೊ, ಕೆನಡಾಗಳ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗಿತ್ತು, 1994ರ ಜನವರಿ 1ರಂದು ಅದು ಜಾರಿಗೆ ಬರಬೇಕಿತ್ತು. ಸರಕಿಗೆ ಬಾಗಿಲು ತೆಗೆಯುತ್ತದೆ, ಬಂಡವಾಳಕ್ಕೂ ತೆಗೆಯುತ್ತದೆ. ದುಡಿಯುವ ಕೈಗೆ? ಕಲಾವಿದರು ಭಾಷಣ ಮಾಡಲಿಲ್ಲ, ನೋಟು ಕೊಟ್ಟರು.

ಆ ನೋಟಿನ ಬೆನ್ನು ಹತ್ತಿ ನೋಡಿ. ಪಡೆದವನು ಒಂದು ಜೊತೆ ಕಾಲುಚೀಲ ಕೊಳ್ಳುತ್ತಾನೆ, ಇಲ್ಲವೇ ಗೆಳೆಯನ ಗಾಡಿಗೆ ಪೆಟ್ರೋಲು ಹಾಕಿಸುತ್ತಾನೆ. ತೆರಿಗೆ ಅಲ್ಲೇ ಮುರಿದುಕೊಂಡಾಯಿತು. ಗುರುತಿನ ಚೀಟಿ ತೋರಿಸು ಎಂದು ಗಲ್ಲಾಪೆಟ್ಟಿಗೆ ಯಾರನ್ನೂ ಕೇಳುವುದಿಲ್ಲ. ಕೂಲಿಯಿಂದ ಅಂಗಡಿಗೆ, ಅಂಗಡಿಯಿಂದ ಬ್ಯಾಂಕಿಗೆ, ಒಂದು ಚೂರು ಸರ್ಕಾರಕ್ಕೆ ಹೋಗುವ ಈ ದಾರಿಯೇ ಕಲಾಕೃತಿ. ನೋಟು ಅದನ್ನು ಕಾಣಿಸುವ ಗುರುತು ಮಾತ್ರ.

ಈ ಮೂವರು ಕೊಟ್ಟ ಮೊದಲನೆಯ ಪೆಟ್ಟೇನಲ್ಲ ಇದು. 1988ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯಕ್ಕೆ ಸ್ಯಾನ್ ಡಿಯಾಗೊ ಸಿಂಗರಿಸಿಕೊಂಡು ನಿಂತಾಗ ನಗರದ 100 ಬಸ್ಸುಗಳ ಹಿಂಬದಿಗೆ ಇವರ ಪೋಸ್ಟರ್ ಅಂಟಿತ್ತು. ಅದರಲ್ಲಿ ಮುಖಗಳೇ ಇಲ್ಲ, ಬರೀ ಕೈಗಳು: ಎಂಜಲು ತಟ್ಟೆ ಬಳಿಯುವ ಕೈ, ಕೋಳ ಬಿದ್ದ ಕೈ, ಹೋಟೆಲ್ ಕೋಣೆಯ ಬಾಗಿಲಿಗೆ ಚಾಚಿದ ಕೈ. ‘ಅಮೆರಿಕದ ಅತ್ಯುತ್ತಮ ನಗರ’ ಎಂಬ ಊರಿನ ಬಿರುದನ್ನು ‘ಅಮೆರಿಕದ ಅತ್ಯುತ್ತಮ ಪ್ರವಾಸಿ ಪ್ಲಾಂಟೇಶನ್’ ಎಂದು ತಿದ್ದಿದ್ದರು. ಗುಲಾಮರು ದುಡಿದ ತೋಟಗಳಿಗೆ ಅಲ್ಲಿನವರು ಹೇಳುವ ಮಾತದು. ಪೋಸ್ಟರ್ ನನಗೆ ಇಷ್ಟ, ಆದರೆ ಅದರ ಕುಹಕ ಎದ್ದು ಕಾಣುತ್ತದೆ. ನೋಟಿನ ಕೆಲಸ ಇನ್ನೂ ನಯ: ಕುಹಕ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ನಾವೇ ಲೆಕ್ಕ ಹಾಕತೊಡಗಿರುತ್ತೇವೆ.

ನೋಟಿನ ಆ ಕೆಲಸಕ್ಕೆ, ಗಡಿಯ ಕುರಿತ ಒಂದು ಪ್ರದರ್ಶನದ ಭಾಗವಾಗಿ, ಸ್ಯಾನ್ ಡಿಯಾಗೊದ ಸಮಕಾಲೀನ ಕಲಾ ಮ್ಯೂಸಿಯಂ ಮತ್ತು ‘ಸೆಂತ್ರೊ ಕುಲ್ತುರಾಲ್ ದೆ ಲಾ ರಾಸಾ’ ಸಂಸ್ಥೆ ಇವರಿಗೆ ಕೊಟ್ಟದ್ದು 5,000 ಡಾಲರ್. ಅದರಲ್ಲಿ 4,500 ಡಾಲರ್ 450 ಜನರಿಗೆ ಹಂಚಿಹೋಯಿತು. ಆ ಪ್ರದರ್ಶನಕ್ಕೆ ಒಕ್ಕೂಟ ಸರ್ಕಾರದ ಕಲಾನಿಧಿಯ ನೆರವೂ ಇತ್ತು. ಆಮೇಲೆ ಶುರುವಾದದ್ದೇ ನಿಜವಾದ ನಾಟಕ, ಪಾತ್ರಧಾರಿಗಳು ಕರೆಯದೆಯೇ ಬಂದರು. ಪತ್ರಿಕೆಗಳಲ್ಲಿ, ರೇಡಿಯೊದಲ್ಲಿ ಬೈಗುಳ. ತೆರಿಗೆದಾರರ ಹಣ ಪೋಲಾಯಿತೆಂದು ಕಲಾನಿಧಿಗೆ ದೂರು ಬರೆದವರಲ್ಲಿ ಸಂಸದ ರ‍್ಯಾಂಡಿ ಕನಿಂಗ್‌ಹ್ಯಾಮ್ ಒಬ್ಬರು. (ಅವರೇ 2005ರಲ್ಲಿ ಲಂಚ ಮತ್ತು ತೆರಿಗೆ ವಂಚನೆಯ ತಪ್ಪೊಪ್ಪಿಕೊಂಡರು, ಮರುವರ್ಷ ಜೈಲಿಗೆ ಹೋದರು. ಇಂಥ ತಿರುವನ್ನು ಬರೆಯುವ ಧೈರ್ಯ ಯಾವ ನಾಟಕಕಾರನಿಗೂ ಬರಲಿಕ್ಕಿಲ್ಲ.) ರೇಗಿದವರು ಒಂದೊಂದು ಮಾತಾಡಿದಾಗಲೂ ತೆರಿಗೆ ಕಟ್ಟುವವರು ಯಾರು, ತಿನ್ನುವವರು ಯಾರು ಎಂಬ ಪ್ರಶ್ನೆ ಇನ್ನೊಂದು ಮನೆಗೆ ತಲುಪಿತು. ಕಲಾವಿದರು ಬೇಕೆಂದದ್ದೂ ಅದನ್ನೇ.

ಕೊನೆಗೆ, ಹಂಚಿದ ಹಣವನ್ನು ಅನುದಾನದ ಖರ್ಚಿಗೆ ಸೇರಿಸುವಂತಿಲ್ಲ ಎಂದು ಕಲಾನಿಧಿ ತೀರ್ಮಾನಿಸಿತು. ಅಷ್ಟರಲ್ಲಿ ಆ ನೋಟುಗಳು ಯಾವ ಯಾವ ಪೆಟ್ರೋಲ್ ಬಂಕಿನ, ಯಾವ ಯಾವ ಅಂಗಡಿಯ ಗಲ್ಲಾ ಸೇರಿದ್ದವೋ.