ನಾಣ್ಯವೋ, ಸೆಲ್ಲೋ?

2019ರಲ್ಲಿ ಪ್ರಕಟವಾದ ಹೊಸ ಸರಣಿಯ ಒಂದು ರೂಪಾಯಿ ನಾಣ್ಯದ ಅಡ್ಡಳತೆ 20 ಮಿಲಿಮೀಟರ್. ಕಾರಿನ ಕೀಲಿ, ಸಣ್ಣ ತೂಕದ ಯಂತ್ರ, ಜಾತ್ರೆಯಲ್ಲಿ ಕೊಂಡ ಮಿನುಗುವ ಆಟಿಕೆ, ಹಬ್ಬಕ್ಕೆ ಹಚ್ಚುವ ಎಲ್‌ಇಡಿ ಹಣತೆ ಮುಂತಾದವುಗಳಲ್ಲಿ ಹಾಕುವ ಸಿಆರ್ 2032 ಎಂಬ ಬಿಲ್ಲೆಯಂಥ ಸೆಲ್ಲಿನ ಅಡ್ಡಳತೆಯೂ 20 ಮಿಲಿಮೀಟರ್. ಎರಡೂ ದುಂಡಗೆ, ಎರಡೂ ಬೆಳ್ಳಗೆ ಹೊಳೆಯುವಂಥವು. ಮಹಾರಾಷ್ಟ್ರದ ಮಿರಜ ತಾಲ್ಲೂಕಿನ ಆರಗದಂಥ ಊರಲ್ಲಿ ಎರಡು ವರ್ಷದ ಕೂಸು ಹೊಳೆಯುವ ಬಿಲ್ಲೆಯೊಂದನ್ನು ಬಾಯಿಗೆ ಹಾಕಿಕೊಂಡು ನುಂಗಿತೆನ್ನಿ. ಮನೆಯಲ್ಲಿ ಬರುವ ಮೊದಲ ಮಾತು ಬಹುಶಃ ಒಂದೇ: ‘ರೂಪಾಯಿ ನುಂಗೈತಿ, ನಾಳೆ ಹೊರಗ ಬೀಳತೈತಿ, ಬಾಳಿಹಣ್ಣ ತಿನ್ನಸ್ರಿ.’ ಈ ಮಾತು ಸುಳ್ಳಲ್ಲ. ಬಹಳ ಸಲ ನಿಜವಾಗಿದೆ, ಆದ್ದರಿಂದಲೇ ಅದರ ಮೇಲೆ ಅಷ್ಟು ಭರವಸೆ. ಅಪಾಯವಿರುವುದೂ ಆ ಭರವಸೆಯಲ್ಲೇ.

ಅನ್ನನಾಳದಲ್ಲಿ ಮೂರು ಇಕ್ಕಟ್ಟಿನ ಜಾಗಗಳಿವೆ: ಗಂಟಲು ಮುಗಿದು ಅದು ಶುರುವಾಗುವಲ್ಲಿ, ಹೃದಯದಿಂದ ಹೊರಟ ಮಹಾಧಮನಿ ಬಾಗಿ ಅದನ್ನು ಒತ್ತುವಲ್ಲಿ, ಹೊಟ್ಟೆಯ ಬಾಗಿಲಲ್ಲಿ. ಸಣ್ಣ ಮಕ್ಕಳಲ್ಲಿ ನಾಣ್ಯ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಮೊದಲನೆಯ ಜಾಗದಲ್ಲಿ. ಉಸಿರಿನ ದಾರಿ ಬೇರೆಯಾದ್ದರಿಂದ ಮಗು ಉಸಿರಾಡುತ್ತಲೇ ಇರುತ್ತದೆ, ಆಟವನ್ನೂ ಆಡಬಹುದು. ಜೊಲ್ಲು ಹೆಚ್ಚುವುದು, ಊಟ ಬೇಡವೆನ್ನುವುದು, ನುಂಗುವಾಗ ಮುಖ ಕಿವುಚುವುದು, ಬಿಟ್ಟುಬಿಟ್ಟು ಕೆಮ್ಮುವುದು, ಇವೆಲ್ಲ ನೆಗಡಿಯ ಅಥವಾ ಹಲ್ಲು ಬರುವ ಲೆಕ್ಕಕ್ಕೆ ಹೋಗಿಬಿಡುತ್ತವೆ. ಎಷ್ಟೋ ಮಕ್ಕಳಲ್ಲಿ ಅಷ್ಟೂ ಕಾಣುವುದಿಲ್ಲ. ಹೊಟ್ಟೆಗೆ ಇಳಿದ ನಾಣ್ಯ ಬಹುಪಾಲು ತಾನೇ ಹೊರಬೀಳುತ್ತದೆ. ಅನ್ನನಾಳದಲ್ಲಿ ನಿಂತವುಗಳಲ್ಲೂ ಸುಮಾರು ನಾಲ್ಕರಲ್ಲೊಂದು ತಾನಾಗಿಯೇ ಕೆಳಗಿಳಿಯುತ್ತದೆ. ಹಿರಿಯರ ಅನುಭವಕ್ಕೆ ಹೀಗೆ ಗಟ್ಟಿ ಆಧಾರವಿದೆ. ಆದರೆ ಆ ಅನುಭವ ಬೆಳೆದು ಬಂದದ್ದು ಮನೆಯಲ್ಲಿ ನಾಣ್ಯಗಳಷ್ಟೇ ಇದ್ದ ಕಾಲದಲ್ಲಿ.

ನಾಣ್ಯ ಸಿಕ್ಕಿಕೊಂಡರೆ ಸುಮ್ಮನೆ ಕೂತಿರುತ್ತದೆ. ಸೆಲ್ ಕೂತ ಜಾಗದಲ್ಲೇ ಕೆಲಸ ಶುರು ಮಾಡುತ್ತದೆ. ಅದರ ಎರಡೂ ಮುಖಗಳಿಗೆ ಅನ್ನನಾಳದ ಒದ್ದೆ ಗೋಡೆ ತಾಗಿದೊಡನೆ ವಿದ್ಯುತ್ ಹರಿಯುತ್ತದೆ. ಋಣ ಧ್ರುವದ ಕಡೆ ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ. ಸೆಲ್ ಸೋರಿ ಒಳಗಿನ ವಿಷ ಹೊರಬಂದು ಸುಡುತ್ತದೆಂದು ಅನೇಕರು ತಿಳಿದಿದ್ದಾರೆ. ಸೋರದಿದ್ದರೂ ಸುಡುತ್ತದೆ. ಕಾಲು ಗಂಟೆಯಲ್ಲಿ ಗಾಯ ಆರಂಭವಾಗಿ, ಎರಡು ಗಂಟೆಯೊಳಗೆ ತೀವ್ರವಾಗಬಲ್ಲದು. ಮುಂದೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬೀಳಬಹುದು, ಗಾಯ ಮಾದು ನಾಳ ಕಿರಿದಾಗಬಹುದು. ಎಲ್ಲಕ್ಕಿಂತ ಭಯಂಕರವಾದದ್ದು, ಸೆಲ್ ತೆಗೆದು ದಿನಗಳೋ ವಾರಗಳೋ ಕಳೆದ ಮೇಲೆ ಪಕ್ಕದ ಮಹಾಧಮನಿ ಒಡೆಯುವುದು. ವಾಚಿಗೋ ರಿಮೋಟಿಗೋ ಸಾಲದೆಂದು ತೆಗೆದಿಟ್ಟ ‘ಖಾಲಿ’ ಸೆಲ್ಲಿನಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಕಿಟಕಿಯ ದಂಡೆಯ ಮೇಲೆ ಬಿದ್ದಿರುವ ಹಳೆಯ ಸೆಲ್ ಕಸವಲ್ಲ, ಕೂಸಿನ ಕೈಗೆಟುಕುವ ಬೆಂಕಿ.

ಆದ್ದರಿಂದ ದುಂಡಗಿನ ಹೊಳೆಯುವ ಏನನ್ನೇ ಮಗು ನುಂಗಿದೆ ಎಂಬ ಅನುಮಾನ ಬಂದರೂ ಆ ಕ್ಷಣವೇ ಎಕ್ಸ್‌ರೇ ಆಗಬೇಕು; ನಾಣ್ಯವೇ ಎಂದು ಖಾತ್ರಿಯಾದ ಮೇಲೆ ಕಾಯುವ ಮಾತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಎದುರಿನಿಂದೊಂದು, ಪಕ್ಕದಿಂದೊಂದು ಚಿತ್ರ ಬೇಕು. ಎದುರಿನ ಚಿತ್ರದಲ್ಲಿ ನಾಣ್ಯ ಒಂದೇ ಬಿಲ್ಲೆಯಾಗಿ ಕಾಣುತ್ತದೆ. ಸೆಲ್ಲಿನ ಅಂಚಿನೊಳಗೆ ಇನ್ನೊಂದು ಉಂಗುರ ಮೂಡುತ್ತದೆ. ಪಕ್ಕದ ಚಿತ್ರದಲ್ಲಿ ಸೆಲ್ಲಿನ ಅಂಚಿಗೆ ಮೆಟ್ಟಿಲಿನಂಥ ಒಂದು ಇಳಿತ. ಕಣ್ಣಿಗೆ ಒಂದೇ ಆಗಿ ಕಂಡ ಎರಡು ವಸ್ತುಗಳನ್ನು ಬೇರೆ ಮಾಡಲು ಇಷ್ಟು ಸಾಕು. ಸಣ್ಣ ಮಗುವಿಗೆ ಎಕ್ಸ್‌ರೇ ಯಾಕೆ, ವಿಕಿರಣ ಒಳ್ಳೆಯದಲ್ಲ ಎನ್ನುವವರಿದ್ದಾರೆ. ಕಾಳಜಿ ನ್ಯಾಯವಾದದ್ದೇ, ಆದರೆ ಎದೆಯ ಒಂದು ಎಕ್ಸ್‌ರೇಯಲ್ಲಿ ಬೀಳುವ ವಿಕಿರಣ, ನಮ್ಮ ಸುತ್ತಲಿನ ನೆಲ ಮತ್ತು ಆಕಾಶದಿಂದ ಹತ್ತು ದಿನಗಳಲ್ಲಿ ನಮಗೆ ತಾನಾಗಿ ಬರುವಷ್ಟು. ಬಾಳೆಹಣ್ಣು, ಅನ್ನದ ಮುದ್ದೆ ತಿನ್ನಿಸಿ ತಳ್ಳುವುದು, ಬೆರಳು ಹಾಕಿ ವಾಂತಿ ಮಾಡಿಸುವುದು, ಇವು ಸಿಕ್ಕಿದ್ದನ್ನು ಕದಲಿಸುತ್ತವೆಂಬ ಭರವಸೆಯಿಲ್ಲ. ಮೇಲಾಗಿ ಹೊಟ್ಟೆ ತುಂಬಿದ ಮಗುವಿಗೆ ಅರಿವಳಿಕೆ ಕೊಡುವುದು ಕಷ್ಟ. ಏನೂ ತಿನ್ನಿಸಬಾರದೆಂಬ ಈ ಮಾತಿಗೆ ಜೇನುತುಪ್ಪ ಮಾತ್ರ ಹೊರತು. 2018ರಲ್ಲಿ ಅಮೆರಿಕದ ಸಂಶೋಧಕರು ಹಂದಿಮರಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಅದು ಸೆಲ್ಲಿನ ಸುಡುವಿಕೆಯನ್ನು ತಗ್ಗಿಸಿತು. ಸೆಲ್ ನುಂಗಿ 12 ಗಂಟೆಯೊಳಗಿದ್ದು, ಮಗು ಒಂದು ವರ್ಷ ದಾಟಿದ್ದು, ನುಂಗಬಲ್ಲದಾದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚೆಯಂತೆ ಆರು ಸಲದವರೆಗೆ ಕೊಡಬಹುದೆಂಬುದು ಅಲ್ಲಿನ ಸಲಹೆ. ಇದನ್ನು ಆಸ್ಪತ್ರೆಯ ದಾರಿಯಲ್ಲೇ ಕೊಡಬೇಕು, ಇದಕ್ಕಾಗಿ ಮನೆಯಲ್ಲಿ ಕೂರಬಾರದು. ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ.

ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಸಾಧ್ಯ ಎಂಬ ಆಕ್ಷೇಪ ಬೇರೆ ಕಡೆ ತೂಕದ್ದು, ಆರಗದ ಮಟ್ಟಿಗೆ ಅಷ್ಟಿಲ್ಲ. ಮಿರಜ 1894ರಲ್ಲಿ ವಿಲಿಯಂ ವಾನ್ಲೆಸ್ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ವೈದ್ಯರ ಊರು. 1962ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಅಲ್ಲಿದೆ. ಗಡಿಯಾಚೆಯ ಅಥಣಿ, ರಾಯಬಾಗದ ಕನ್ನಡಿಗರೂ ಕಾಯಿಲೆಗೆ ಹಿಡಿಯುವುದು ಅದೇ ದಾರಿ. ಎರಡು ಗಂಟೆ ಕಳೆದುಹೋಗುವುದು ರಸ್ತೆಯಲ್ಲಲ್ಲ. ಮೊದಲು ಮನೆಮದ್ದು, ಆಮೇಲೆ ಎಕ್ಸ್‌ರೇ ಇಲ್ಲದ ದವಾಖಾನೆ, ಅಲ್ಲಿಂದ ದುರ್ಬೀನು ಹಾಕಿ ತೆಗೆಯುವವರಿಲ್ಲದ ಇನ್ನೊಂದು, ಹೀಗೆ ಕಳೆದುಹೋಗುತ್ತವೆ. ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗಿ, ‘ಸೆಲ್ ನುಂಗಿರಬಹುದು’ ಎಂದು ಬಾಗಿಲಲ್ಲೇ ಹೇಳಬೇಕು. ನಾಣ್ಯವೆಂದರೆ ಸರತಿಯಲ್ಲಿ ಕೂರಿಸಿಯಾರು.

ತೆಗೆಯುವ ಕೈಚಳಕ ಎಷ್ಟಿದ್ದರೂ ಸಾಲದೆಂದು ಆ ವಿದ್ಯೆಯ ಹಿರಿಯನೇ ಕಂಡುಕೊಂಡಿದ್ದ. ಫಿಲಡೆಲ್ಫಿಯಾದ ವೈದ್ಯ ಶೆವಾಲಿಯರ್ ಜಾಕ್ಸನ್ ರೋಗಿಗಳ ಗಂಟಲು, ಅನ್ನನಾಳ, ಶ್ವಾಸನಾಳಗಳಿಂದ ತೆಗೆದಿಟ್ಟ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳು ಇಂದಿಗೂ ಅಲ್ಲಿನ ಮ್ಯೂಟರ್ ಮ್ಯೂಸಿಯಂನಲ್ಲಿವೆ. ಬಟ್ಟೆ ಪಾತ್ರೆ ತೊಳೆಯುವ ಕ್ಷಾರ ಕುಡಿದು ಅನ್ನನಾಳ ಸುಟ್ಟುಕೊಂಡ ಮಕ್ಕಳನ್ನು ನೋಡಿ ನೋಡಿ ಆತ ಶಾಸಕರ ಬೆನ್ನುಬಿದ್ದ. 1927ರಲ್ಲಿ ಅಂಥ ಡಬ್ಬಿಗಳ ಮೇಲೆ ವಿಷದ ಎಚ್ಚರಿಕೆ ಬರೆಯುವುದು ಅಮೆರಿಕದಲ್ಲಿ ಕಡ್ಡಾಯವಾಯಿತು. ಇಂದಿನ ಸೆಲ್ ಹುಟ್ಟಿಸುವುದೂ ಅದೇ ಬಗೆಯ ಕ್ಷಾರ. 2022ರ ಜೂನ್‌ನಿಂದ ಆಸ್ಟ್ರೇಲಿಯದಲ್ಲಿ ಈ ಸೆಲ್ ಇರುವ ಗ್ರಾಹಕ ವಸ್ತುಗಳ ಮುಚ್ಚಳ ಮಕ್ಕಳ ಕೈಗೆ ತೆರೆಯದಂತಿರಬೇಕು. ಅದೇ ವರ್ಷ ಅಮೆರಿಕವೂ ಕಾನೂನು ಮಾಡಿತು. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಒಳ್ಳೆಯದೇ. ಆದರೆ ರಿಮೋಟು, ತೂಕದ ಯಂತ್ರ, ಎಲ್‌ಇಡಿ ಹಣತೆ ಆಟಿಕೆಗಳಲ್ಲ, ಮಗು ಮಾತ್ರ ಅವುಗಳೊಡನೆಯೂ ಆಡುತ್ತದೆ. ಇವುಗಳ ಮುಚ್ಚಳಕ್ಕೂ ಒಂದು ಸಣ್ಣ ಸ್ಕ್ರೂ ಕಡ್ಡಾಯವಾಗಬೇಕು. ಅದಕ್ಕೆ ತಗಲುವ ಖರ್ಚು ತಯಾರಕರಿಗೆ ಹೊರೆಯೆನ್ನುವ ವಾದವನ್ನು ನಾನು ಒಪ್ಪಲಾರೆ. ಅಲ್ಲಿಯವರೆಗೆ ಮುಚ್ಚಳದ ಮೇಲೆ ಗಟ್ಟಿ ಟೇಪು ಸುತ್ತಬೇಕು, ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಟೇಪು ಅಂಟಿಸಿ ಅವತ್ತೇ ಮನೆಯಿಂದ ಸಾಗಿಸಬೇಕು.